ಹೂವಿನ ಬುಟ್ಟಿ, ಭತ್ತದ ತೆನೆ, ಮೂಗು ಒರೆಸುವ ಪಾಠ

(ಮಂಗಳೂರಿನ ಕಾನ್ವೆಂಟ್ ಶಾಲೆಯೊಂದರಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳ ತಂದೆತಾಯಿಗಳಿಗೂ ಶಿಕ್ಷಕಿಯರಿಗೂ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಿಸ್ಟರ್‌ಗಳು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರಿಗೆ ಸ್ವಲ್ಪ ಇರಿಸುಮುರಿಸಾಗುವ ಸಂಗತಿಯಿಂದಲೇ ಶುರುಮಾಡುತ್ತೇನೆ. 1851ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ ತನ್ನ ಸೀಮೆಯಲ್ಲಿದ್ದ ಕಿಂಡರ್‌ಗಾರ್ಟನ್‌ಗಳನ್ನೆಲ್ಲ ನಿಷೇಧಿಸಿತು. ಆರೋಪ ಏನು ಗೊತ್ತೇ? ಅವು ಮಕ್ಕಳನ್ನು ನಾಸ್ತಿಕರನ್ನಾಗಿ ಮಾಡುತ್ತವೆ ಎಂಬುದು! ಕಿಂಡರ್‌ಗಾರ್ಟನ್ ಶುರುಮಾಡಿದ ಫ್ರೋಬೆಲ್ ಪಾದ್ರಿಯೊಬ್ಬರ ಮಗ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಮಕ್ಕಳ ಆಟಪಾಠದ ಮನೆ ತೆರೆದರು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ನಿಷೇಧ ಬಂದ ಮರುವರ್ಷವೇ ತೀರಿಕೊಂಡರು. ಅದೇ ಮನೆತನದ ಇನ್ನೊಬ್ಬ ಬರೆದ ಬಿಸಿಬಿಸಿ ಬರಹವನ್ನು ಇವರದ್ದೇ ಎಂದು ಮಂತ್ರಿಮಹಾಶಯರು ತಿಳಿದುಕೊಂಡಿದ್ದರು ಅಂತಲೂ ಹೇಳುತ್ತಾರೆ. ನಿಷೇಧ ತೆರವಾದದ್ದು 1860ರಲ್ಲಿ.

ಇವತ್ತು ಊರೂರಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ತರಗತಿಯನ್ನು ಒಂದು ಕಾಲದಲ್ಲಿ ದೇವರ ಹೆಸರಲ್ಲೇ ಮುಚ್ಚಿಸಿದ್ದರು. ನನ್ನ ಊಹೆ ಇಷ್ಟು: ಅಲ್ಲಿಗೆ ಹೋಗಿ ನೋಡಿದ ಅಧಿಕಾರಿಗೆ ಕಾಣಿಸಿದ್ದು ಚೆಂಡು, ಮರದ ತುಂಡು, ಹಾಡು, ಹೂವಿನ ಮಡಿ. ಬಾಯಿಪಾಠ ಎಲ್ಲಿ, ಕಟ್ಟಳೆ ಎಲ್ಲಿ ಎಂದು ಆತ ಹುಡುಕಿರಬೇಕು. ನಮ್ಮ ಪೋಷಕರ ಸಭೆಯಲ್ಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. "ಮಿಸ್, ಬರೀ ಆಡಿಸ್ತೀರಾ? ಬರೆಸೋದು ಯಾವಾಗ?" ಕ್ಯಾಥೊಲಿಕ್ ಮನೆಯವರಾದರೆ ಇನ್ನೊಂದನ್ನೂ ಸೇರಿಸುತ್ತಾರೆ: "ಪ್ರಾರ್ಥನೆಗಳನ್ನು ಇನ್ನೂ ಪೂರ್ತಿ ಕಲಿಸಿಲ್ವಲ್ಲ?" ಎರಡಕ್ಕೂ ನನ್ನದು ಒಂದೇ ಉತ್ತರ. ಈ ವಯಸ್ಸಿನಲ್ಲಿ ಅಕ್ಷರವಾಗಲಿ ಭಕ್ತಿಯಾಗಲಿ ಬಾಯಿಂದ ಒಳಗೆ ಹೋಗುವುದಿಲ್ಲ, ಕೈಯಿಂದ ಹೋಗುತ್ತದೆ. ಹೇಗೆ ಎನ್ನುವುದಕ್ಕೆ ತರಗತಿಯೊಳಗೇ ಹೋಗೋಣ.

ಒಂಬತ್ತು ಗಂಟೆ. ಮಕ್ಕಳು ಬರುತ್ತಾರೆ. ಜೂನ್, ಜುಲೈ ಆದ್ದರಿಂದ ಮೊದಲ ಅರ್ಧ ಗಂಟೆ ರೈನ್‌ಕೋಟಿಗೇ ಹೋಗುತ್ತದೆ. ಅದನ್ನು ವ್ಯರ್ಥ ಎಂದುಕೊಳ್ಳಬೇಡಿ. ಬಟನ್ ಬಿಚ್ಚುವುದು, ತೋಳು ಒಳಗೆ ಸಿಕ್ಕಿಕೊಂಡದ್ದನ್ನು ಹೊರಗೆಳೆಯುವುದು, ನೀರು ಕೊಡವಿ ಮೊಳೆಗೆ ನೇತುಹಾಕುವುದು, ಇದೇ ದಿನದ ಮೊದಲ ಪಾಠ. ಆಯಾ ಓಡಿ ಬಂದು ಎಲ್ಲರದ್ದನ್ನೂ ಬಿಚ್ಚಿಬಿಟ್ಟರೆ ಐದು ನಿಮಿಷ ಉಳಿಯುತ್ತದೆ, ಪಾಠ ಹೋಗುತ್ತದೆ. ಆಮೇಲೆ ಎಲ್ಲರೂ ಸುತ್ತ ಕೂತು ಹವಾಮಾನದ ಪಟ್ಟಿಯಲ್ಲಿ ಇವತ್ತಿನ ಚಿತ್ರ ಅಂಟಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಜುಲೈ ಪೂರ್ತಿ ಕೊಡೆಯ ಚಿತ್ರವೇ. ಮಕ್ಕಳಿಗೆ ಬೇಸರವಾಗುತ್ತದೆ ಅಂತ ಒಂದು ಕಡೆ ಟೀಚರು ನಡುನಡುವೆ ಸೂರ್ಯನನ್ನು ಅಂಟಿಸಿದ್ದರಂತೆ. ಹಾಗೆ ಮಾಡಬಾರದು. ಕಿಟಕಿಯಾಚೆ ಜೋರು ಮಳೆ, ಪಟ್ಟಿಯಲ್ಲಿ ಬಿಸಿಲು ಎಂದರೆ ಮಗು ಯಾವುದನ್ನು ನಂಬಬೇಕು?

ನಂತರ ಪ್ರಾರ್ಥನೆ, ಅದೂ ಚಿಕ್ಕದು. ಕ್ಯಾಥೊಲಿಕ್ ಮಕ್ಕಳು ಬಲಗೈಯಿಂದ ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿ ಶಿಲುಬೆಯ ಗುರುತು ಹಾಕುತ್ತಾರೆ. ಉಳಿದವರು ಕೈಮುಗಿದು ನಿಲ್ಲುತ್ತಾರೆ, ಕೆಲವರು ಪಕ್ಕದವರನ್ನು ನೋಡಿ ತಾವೂ ಹಾಕುತ್ತಾರೆ, ಎಡಗೈಯಿಂದ. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಮ್ಮ ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಶಾಲೆಯಲ್ಲೂ ಧಾರ್ಮಿಕ ಬೋಧನೆಗೆ, ಪೂಜೆಗೆ ಯಾರನ್ನೂ ಒತ್ತಾಯದಿಂದ ಕೂರಿಸುವಂತಿಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಧರ್ಮೋಪದೇಶದ ತರಗತಿ ಚರ್ಚಿನಲ್ಲಿ ಭಾನುವಾರ ಇದ್ದೇ ಇದೆ. ಇನ್ನು ಕ್ಯಾಥೊಲಿಕ್ ಮಕ್ಕಳ ವಿಷಯಕ್ಕೆ ಬಂದರೂ, ಹತ್ತನೇ ಪಿಯೂಸ್ ಪೋಪರು 1910ರಲ್ಲಿ ಮೊದಲ ಪರಮಪ್ರಸಾದದ, ಅಂದರೆ ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ, ವಯಸ್ಸನ್ನು ಕೆಳಗಿಳಿಸಿದಾಗ ಕೂಡ ಅದನ್ನು ತಂದು ನಿಲ್ಲಿಸಿದ್ದು ಸುಮಾರು ಏಳು ವರ್ಷಕ್ಕೆ. ನಮ್ಮ ಯುಕೆಜಿಯವರಿಗೆ ಇನ್ನೂ ಐದು. ಧರ್ಮಸಭೆಗೇ ಇಲ್ಲದ ಅವಸರ ನಮಗೇಕೆ?

ಈಗ ಮೂಗಿನ ಪಾಠ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಕೇರಿಯಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. ಕೂಲಿ ಮಾಡುವವರ ಮಕ್ಕಳು. ಒಂದು ದಿನ ಆಕೆ, ಸ್ವಲ್ಪ ತಮಾಷೆಯಾಗಿಯೇ ಇರಲಿ ಎಂದು, ಕರವಸ್ತ್ರ ತೆಗೆದು ಸದ್ದಾಗದಂತೆ, ಇನ್ನೊಬ್ಬರಿಗೆ ಕಾಣದಂತೆ ಮೂಗು ಒರೆಸಿಕೊಳ್ಳುವುದು ಹೇಗೆಂದು ನಿಧಾನವಾಗಿ ಮಾಡಿ ತೋರಿಸಿದರು. ಮಕ್ಕಳು ನಗಲಿಲ್ಲ. ಮೈಯೆಲ್ಲ ಕಣ್ಣಾಗಿ ನೋಡಿದರು. ಮುಗಿದ ಕೂಡಲೇ ನಾಟಕ ನೋಡಿದವರ ಹಾಗೆ ಚಪ್ಪಾಳೆ ಹೊಡೆದರು. ಆಮೇಲೆ ಮಾಂಟೆಸ್ಸರಿಗೆ ಹೊಳೆಯಿತು: ಮೂಗಿನ ವಿಷಯದಲ್ಲಿ ಮಕ್ಕಳು ಹುಟ್ಟಿದಾಗಿನಿಂದ ಬೈಗುಳವನ್ನೇ ಕೇಳಿದ್ದಾರೆ, "ಥೂ, ಒರೆಸ್ಕೋ" ಎನ್ನುವುದೇ ಎಲ್ಲರ ಮಾತು, ಹೇಗೆ ಎಂದು ಮಾತ್ರ ಯಾರೂ ಸಮಾಧಾನದಿಂದ ತೋರಿಸಿಕೊಟ್ಟಿರಲಿಲ್ಲ. ಈ ಪ್ರಸಂಗವನ್ನು ನಾನು ಹೊಸ ಟೀಚರುಗಳಿಗೆ ಎಲ್ಲಕ್ಕಿಂತ ಮೊದಲು ಹೇಳುತ್ತೇನೆ. ಶಿಕ್ಷಣಶಾಸ್ತ್ರದ ದಪ್ಪ ದಪ್ಪ ಪುಸ್ತಕಗಳಲ್ಲಿರುವ ಗೌರವ ಎನ್ನುವ ಪದ ಕಾಣಿಸುವುದು ಇಂಥಲ್ಲಿ.

ಅದೇ ಮಕ್ಕಳ ಮನೆಯ ಇನ್ನೊಂದು ಸಂಗತಿ. ನಾಲ್ಕು ತಿಂಗಳ ಕೂಸೊಂದನ್ನು ತಾಯಿಯ ಕೈಯಿಂದ ಎತ್ತಿಕೊಂಡು ಮಾಂಟೆಸ್ಸರಿ ತರಗತಿಯೊಳಗೆ ಬಂದರು. ನೋಡಿ, ಇವಳು ಎಷ್ಟು ಸುಮ್ಮನಿದ್ದಾಳೆ, ಇವಳ ಉಸಿರು ಕೂಡ ಕೇಳಿಸುವುದಿಲ್ಲ ಎಂದರು. ಮಕ್ಕಳೂ ಉಸಿರು ಹಿಡಿದಂತೆ ಕೂತರು. ಮೌನದ ಆಟ ಹುಟ್ಟಿದ್ದು ಹಾಗೆ. ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನು ಪಿಸುದನಿಯಲ್ಲಿ ಕರೆಯುವುದು, ಕರೆದವರು ಕುರ್ಚಿ ಸದ್ದುಮಾಡದೆ ಎದ್ದು ಬರುವುದು. ನಮ್ಮಲ್ಲಿ ಇದನ್ನು ಊಟದ ಮೊದಲು ಮಾಡಿಸಬಹುದು. ಕ್ಯಾಥೊಲಿಕ್ ಟೀಚರಿಗೆ ಅದು ಪ್ರಾರ್ಥನೆಯ ತಯಾರಿ, ಉಳಿದ ಮಕ್ಕಳಿಗೆ ಕಿವಿಗೊಟ್ಟು ಕೇಳುವ ಅಭ್ಯಾಸ. "ಸೈಲೆನ್ಸ್!" ಎಂದು ಡಸ್ಟರಿನಿಂದ ಮೇಜು ಕುಟ್ಟುವುದನ್ನು ಇದರ ಜೊತೆ ಸೇರಿಸಬೇಡಿ, ದಯವಿಟ್ಟು.

ಮಾಂಟೆಸ್ಸರಿ ಕ್ಯಾಥೊಲಿಕ್ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಭಾರತಕ್ಕೆ ಆಕೆಯನ್ನು 1939ರಲ್ಲಿ ಕರೆಸಿಕೊಂಡವರು ಯಾವುದೇ ಒಂದು ಮತಕ್ಕೆ ಸೇರದ, ಮದ್ರಾಸಿನ ಅಡಯಾರಿನ ಥಿಯಾಸಫಿ ಸಮಾಜದವರು, ಅದಕ್ಕೇ ಇರಬೇಕು. ಯುದ್ಧದ ಕಾಲದಲ್ಲಿ ಇಟಲಿಯವರೆಂಬ ಕಾರಣಕ್ಕೆ ನಿರ್ಬಂಧ ಬಂದು ಕೊಡೈಕನಾಲಿನಲ್ಲೂ ಇದ್ದರು. ಆದರೆ ಅದಕ್ಕೆ ಬಹಳ ಮೊದಲು ಸ್ಪೇನಿನ ಬಾರ್ಸಿಲೋನಾದಲ್ಲಿ 1915ರ ಸುಮಾರಿಗೆ ಶುರುವಾದ ಅವರ ಶಾಲೆಯಲ್ಲಿ ಒಂದು ಕೆಲಸ ನಡೆದಿತ್ತು. ಮಕ್ಕಳೇ ಗೋಧಿ ಬಿತ್ತಿದರು, ದ್ರಾಕ್ಷಿ ಬಳ್ಳಿ ನೆಟ್ಟರು. ಪೂಜೆಯ ರೊಟ್ಟಿಗೆ ಬೇಕಾದ ಗೋಧಿ, ರಸಕ್ಕೆ ಬೇಕಾದ ದ್ರಾಕ್ಷಿ. ಪರಮಪ್ರಸಾದ ಎಂದರೇನು ಎಂದು ವಿವರಿಸುವ ಮೊದಲು ಅದು ಮಣ್ಣಿನಿಂದ ಬರುತ್ತದೆ ಎನ್ನುವುದನ್ನು ಕೈಗೆ ತೋರಿಸಿಕೊಟ್ಟರು.

ನಮ್ಮಲ್ಲಿ ಗೋಧಿಯೂ ಇಲ್ಲ, ದ್ರಾಕ್ಷಿಯೂ ಇಲ್ಲ. ನಮ್ಮಲ್ಲಿ ಮೊಂತಿ ಫೆಸ್ತ್ ಇದೆ. ಕರಾವಳಿಯ ಕ್ಯಾಥೊಲಿಕ್ ಶಿಶುತರಗತಿಗೆ ಇದಕ್ಕಿಂತ ದೊಡ್ಡ ಪ್ರಾಜೆಕ್ಟ್ ಯಾರೂ ಕೊಡಲಾರರು. ಹೊರಗಿನಿಂದ ಬಂದ ಪೋಷಕರಿಗಾಗಿ ಹೇಳುತ್ತೇನೆ: ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಹಾಡುತ್ತಾ ಬಾಲ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ, ಹೂ ತಂದ ಮಕ್ಕಳಿಗೆ ಕಬ್ಬು. ಮನೆಯಲ್ಲಿ ಆ ಕಾಳಿನ ಅಕ್ಕಿಯನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಹಂಚಿಕೊಂಡು, ಆಮೇಲೆ ಬಾಳೆಲೆಯಲ್ಲಿ ಊಟ, ಅವತ್ತು ಬರೀ ತರಕಾರಿ.

ತರಗತಿಗೆ ಬರುವ ಆ ಹೂಗಳನ್ನು ನೇರ ಪ್ರತಿಮೆಯ ಮುಂದೆ ಸುರಿಯಬೇಡಿ. ಒಂದು ಹಳೆಯ ಬಿಳಿ ಬೆಡ್‌ಶೀಟ್ ಹಾಸಿ ಅದರ ಮೇಲೆ ಸುರಿಯಿರಿ. ದಾಸವಾಳ, ಕೇಪಳ, ನಂದಿಬಟ್ಟಲು, ಶಂಖಪುಷ್ಪ, ಚೆಂಡು ಹೂ, ಗೋರಟೆ, ಕರ್ಣಕುಂಡಲ, ತುಂಬೆ. ಮೊದಲು ಬಣ್ಣದ ಪ್ರಕಾರ ಗುಂಪು ಮಾಡುತ್ತಾರೆ, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಎಸಳು ಎಣಿಸಲು ಹೇಳಿ. ಕೇಪಳಕ್ಕೆ ನಾಲ್ಕು, ಯಾವ ಗೊಂಚಲಿನದ್ದು ತೆಗೆದರೂ ಹೆಚ್ಚುಕಮ್ಮಿ ನಾಲ್ಕೇ. ದಾಸವಾಳಕ್ಕೆ ಐದು. ನಂದಿಬಟ್ಟಲಿಗೂ ಐದು, ಆದರೆ ಗಿರಗಿಟ್ಲೆಯಂತೆ ಒಂದೇ ಕಡೆಗೆ ತಿರುಚಿಕೊಂಡ ಐದು. "ಬಿಳಿಯದಕ್ಕೂ ಕೆಂಪಿಗೂ ಒಂದೇ ನಂಬರ್!" ಎಂದು ಒಬ್ಬ ಹುಡುಗ ಕೂಗುವುದನ್ನು ಕೇಳಿದ್ದೇನೆ. ಅವನಿಗೆ ಆ ಕ್ಷಣದಲ್ಲಿ ಆಗಿದ್ದು ಸಣ್ಣ ವಿಷಯವಲ್ಲ. ಐದು ಎನ್ನುವುದು ಹೂವಿನಿಂದ ಕಳಚಿಕೊಂಡು ತಾನೇ ಒಂದು ವಸ್ತುವಾಯಿತು. ಚೆಂಡು ಹೂವಿನ ಎಸಳು ಎಣಿಸಲು ಹೊರಟವರು ಜಗಳಕ್ಕೆ ಬೀಳುತ್ತಾರೆ, ಬೀಳಲಿ. ಸಸ್ಯಶಾಸ್ತ್ರ ಓದಿದವರಿಗೆ ಗೊತ್ತು, ಅಲ್ಲಿ ಎಸಳಿನಂತೆ ಕಾಣುವ ಒಂದೊಂದೂ ಒಂದೊಂದು ಹೂವೇ. ತುಂಬೆ ಹೂವನ್ನು ಎರಡು ಬೆರಳ ತುದಿಯಲ್ಲಿ ನಲುಗದಂತೆ ಎತ್ತಿ ಇಡುವುದಿದೆಯಲ್ಲ, ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ.

ಎಣಿಸಿದ ಮೇಲೆ ಬುಟ್ಟಿಗೆ ತುಂಬಿ, ಸಾಲಾಗಿ ಹೋಗಿ ಅರ್ಪಿಸುವುದು. ಯಾವ ಹೂ ಎಲ್ಲಿಂದ ಬಂತು, ಅದರ ಎಸಳು ಎಷ್ಟು ಎಂದು ತಿಳಿದ ಮಗು ಅದನ್ನು ಇಡುವ ರೀತಿಯೇ ಬೇರೆ, ಎಸೆಯುವುದಿಲ್ಲ. ನಾನು ಭಕ್ತಿ ಎನ್ನುವುದು ಇದಕ್ಕೇ. ಮರುದಿನ ಬಾಡಿದ ಹೂ ಗುಡಿಸಿ ಗೊಬ್ಬರದ ಗುಂಡಿಗೆ ಹಾಕುವುದೂ ಮಕ್ಕಳದೇ ಕೆಲಸವಾಗಲಿ, ಪೊರಕೆ ಗಿಡ್ಡದ್ದಿದ್ದರೆ ಸಾಕು. ಪೋಷಕರಲ್ಲಿ ಒಂದು ಕೋರಿಕೆ. ಮಾರ್ಕೆಟಿನಿಂದ ಸೇವಂತಿಗೆ ಮೊಳ ಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಬೇಡಿ. ಬೇಲಿಯಲ್ಲಿದ್ದ ನಾಲ್ಕು ಹೂ ಮಗುವೇ ಕೊಯ್ದು ತರಲಿ. ಫ್ಲ್ಯಾಟಿನಲ್ಲಿದ್ದೀರಾ, ಕಾಂಪೌಂಡಿನ ಹುಲ್ಲಿನ ಹೂವೂ ಆಗುತ್ತದೆ.

ಹೊಸ ತೆನೆಯ ಸಂಭ್ರಮ ಕ್ರೈಸ್ತರದ್ದು ಮಾತ್ರ ಅಲ್ಲವಲ್ಲ. ತುಳುವರ ಮನೆಗಳಲ್ಲಿ ಪುದ್ವಾರ್, ಕೊಡಗಿನಲ್ಲಿ ಪುತ್ತರಿ. ತೆನೆಯನ್ನು ತರಗತಿಗೆ ತಂದರೆ "ನಮ್ಮ ಮನೆಯಲ್ಲಿ ಬಾಗಿಲಿಗೆ ಕಟ್ತಾರೆ" ಎನ್ನುವ ಮಗು ಇದ್ದೇ ಇರುತ್ತದೆ. ಅದಕ್ಕೆ ಹೇಳಲು ಬಿಡಿ, ಅವತ್ತಿನ ಟೀಚರ್ ಆ ಮಗುವೇ. ಆಮೇಲೆ ತೆನೆ ಉದುರಿಸಿ ಕಾಳು ಎಣಿಸುವುದು. ಒಳ್ಳೆಯ ತೆನೆಯಾದರೆ ನೂರು ದಾಟುತ್ತದೆ, ಇಪ್ಪತ್ತರವರೆಗೆ ಮಾತ್ರ ಎಣಿಸಲು ಬರುವವರಿಗೆ ಅದು ಸಮುದ್ರ. ಹತ್ತು ಹತ್ತರ ಗುಡ್ಡೆ ಮಾಡಿ ಎಂದು ಹೇಳಿಕೊಟ್ಟರೆ ದಾರಿ ಸಿಗುತ್ತದೆ.

ಅಕ್ಟೋಬರಿನಲ್ಲಿ ಇದೇ ಹತ್ತು ಇನ್ನೊಂದು ರೂಪದಲ್ಲಿ ವಾಪಸು ಬರುತ್ತದೆ, ಅದು ಜಪಸರದ, ಅಂದರೆ ಕ್ಯಾಥೊಲಿಕರ ಪ್ರಾರ್ಥನೆಯ ಮಣಿಮಾಲೆಯ, ತಿಂಗಳು. ಹತ್ತು ಸಣ್ಣ ಮಣಿ, ಒಂದು ಬೇರೆ ಮಣಿ, ಮತ್ತೆ ಹತ್ತು. ಐದು ಹತ್ತು ಸೇರಿ ಐವತ್ತು, ಶಿಲುಬೆಯ ಕಡೆಯ ಮೂರು, ಬಿಡಿಯಾಗಿ ನಿಲ್ಲುವ ಆರು, ಒಟ್ಟು 59. ಮಾಂಟೆಸ್ಸರಿ ತರಗತಿಯಲ್ಲಿ ಹತ್ತನ್ನು ಕಲಿಸುವ ಚಿನ್ನದ ಬಣ್ಣದ ಮಣಿಸಾಲು ಇದೆಯಲ್ಲ, ಅದನ್ನೂ ಅಜ್ಜಿಯ ಜಪಸರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಥೊಲಿಕ್ ಮನೆಯ ಮಗು ಸಂಜೆ ಅಜ್ಜಿಯ ಮಡಿಲಲ್ಲಿ ಕೂತು ಮಣಿ ದಾಟಿಸುವಾಗ ದಶಮಾನ ಪದ್ಧತಿ ಬೆರಳಿಗೆ ಬಂದಾಗಿರುತ್ತದೆ. ತರಗತಿಯಲ್ಲಿ ಎಲ್ಲರೂ ಮಣಿ ಪೋಣಿಸಲಿ. ಅದು ಜಪಸರವಾಗಬೇಕೋ ತಂಗಿಯ ಕೈಬಳೆಯಾಗಬೇಕೋ ಎನ್ನುವುದು ಪೋಣಿಸಿದವರ ಇಷ್ಟ.

ಸಾಸಿವೆಯ ಬಗ್ಗೆ ಚಿಕ್ಕದಾಗಿ. ರೋಮಿನಲ್ಲಿ 1954ರಲ್ಲಿ ಸೋಫಿಯಾ ಕವಲೆಟ್ಟಿ ಎಂಬ ಬೈಬಲ್ ವಿದ್ವಾಂಸೆ, ಜಿಯಾನ್ನಾ ಗೊಬ್ಬಿ ಎಂಬ ಮಾಂಟೆಸ್ಸರಿ ಶಿಕ್ಷಕಿಯ ಜೊತೆಗೂಡಿ, ಮೂರು ವರ್ಷದಿಂದಲೇ ಮಕ್ಕಳಿಗೆ ಒಪ್ಪುವ ಧರ್ಮಬೋಧನೆಯ ಒಂದು ಕ್ರಮ ಕಟ್ಟಿದರು. ಮರದ ಕುರಿಗಳು, ಮರದ ಕುರುಬ, ಪುಟ್ಟ ದೊಡ್ಡಿ. ಕಥೆ ಕೇಳಿದ ಮೇಲೆ ಮಗು ತಾನೇ ಕುರಿಗಳನ್ನು ಒಳಗೆ ಹೊರಗೆ ನಡೆಸುತ್ತದೆ. ಯೇಸು ಹೇಳಿದ ಸಾಸಿವೆ ಕಾಳಿನ ಸಾಮತಿಗೆ ನಿಜವಾದ ಕಾಳನ್ನೇ ಬೆರಳ ತುದಿಗೆ ಕೊಡುತ್ತಾರೆ. ಅವರಿಗೆ ಅದನ್ನು ಹುಡುಕಿ ತರಬೇಕಿತ್ತು, ನಮಗೆ ಒಗ್ಗರಣೆ ಡಬ್ಬಿ ಸಾಕು. ಒದ್ದೆ ಹತ್ತಿಯ ಮೇಲೆ ಹಾಕಿದರೆ ಕೆಲವೇ ದಿನದಲ್ಲಿ ಮೊಳಕೆ. ಕಥೆಯನ್ನು ಟೀಚರ್ ವಿವರಿಸಬಾರದು ಎನ್ನುವುದು ಕವಲೆಟ್ಟಿಯವರ ಹಟ. ನಮ್ಮ ಟೀಚರುಗಳಿಗೆ ಅತಿ ಕಷ್ಟದ ಭಾಗ ಅದೇ. "ಇದರಿಂದ ನಾವೇನು ಕಲಿತೆವು ಮಕ್ಕಳೇ?" ಬಾಯಿಗೆ ಬಂದೇಬಿಡುತ್ತದೆ.

ಡಿಸೆಂಬರಿಗೆ ಬಂದೆವು. ಈಗ ನನ್ನ ತಕರಾರು. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಎಂದರೆ ಥರ್ಮಾಕೋಲ್ ಎಂದಾಗಿಬಿಟ್ಟಿದೆ. ಶಾಲೆಯಿಂದ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ, ನಾಳೆಗೆ ಪ್ರಾಜೆಕ್ಟ್ ತನ್ನಿ ಎಂದು. ರಾತ್ರಿ ಹನ್ನೊಂದಕ್ಕೆ ಅಮ್ಮ ಅಂಟು ಹಚ್ಚುತ್ತಿರುತ್ತಾಳೆ, ಅಪ್ಪ ಸ್ಟೇಷನರಿ ಅಂಗಡಿಯ ಶಟರ್ ಬಡಿಯುತ್ತಿರುತ್ತಾನೆ, ಪ್ರಾಜೆಕ್ಟಿನ ಒಡೆಯ ನಿದ್ದೆ ಹೋಗಿರುತ್ತಾನೆ. ಬೆಳಿಗ್ಗೆ ಅದಕ್ಕೆ ಬಹುಮಾನವೂ ಬರುತ್ತದೆ. ಬಹುಮಾನ ಯಾರಿಗೆ? ಮಗುವಿಗೆ ಅರ್ಥವಾಗುವುದು ಒಂದೇ: ನನ್ನ ಕೈಯಲ್ಲಿ ಆಗುವಂಥದ್ದು ಶಾಲೆಗೆ ಸಾಲದು.

ಅದರ ಬದಲು ಡಿಸೆಂಬರ್ ಮೊದಲ ವಾರ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿಯೋ ಭತ್ತವೋ ಚೆಲ್ಲಿ. ಕ್ರಿಸ್ಮಸ್ ಹೊತ್ತಿಗೆ ಗೋದಲಿಯ ಸುತ್ತ ಇಡಲು ಹಸಿರು ಗದ್ದೆ ತಯಾರು. ನಮ್ಮ ಹಿರಿಯರು ಮಾಡುತ್ತಿದ್ದುದೇ ಇದು. ದಿನಕ್ಕೊಂದು ಗೆರೆ ಎಳೆದು ಎತ್ತರ ಗುರುತಿಸಿ. ಕುರಿ, ಕತ್ತೆಗಳನ್ನು ಜೇಡಿಮಣ್ಣಿನಲ್ಲಿ ಮಕ್ಕಳೇ ಮಾಡಲಿ. ನಾಲ್ಕು ಕಾಲಿನ ಬದಲು ಮೂರೇ ಇರುವ ಕತ್ತೆ ಗೋಡೆಗೆ ಒರಗಿ ನಿಲ್ಲುತ್ತದೆ, ತೊಂದರೆಯಿಲ್ಲ.

*

ಪ್ರಶ್ನೆಗಳಲ್ಲಿ ಮೊದಲನೆಯದನ್ನು ಕೇಳಿದವರು ಒಬ್ಬ ತಾಯಿ. "ಇದೆಲ್ಲ ಚೆಂದ ಉಂಟು. ಆದರೆ ನನ್ನ ಮಗ ಯುಕೆಜಿಗೆ ಬಂದರೂ ನಾಲ್ಕು ಗೆರೆ ಪುಸ್ತಕದಲ್ಲಿ ಬರೆಯುವುದಿಲ್ಲ. ಒಂದನೇ ಕ್ಲಾಸಿಗೆ ಏನು ಮಾಡುವುದು?"

ನಾನು ಕೇಳಿದೆ, ನಿಮ್ಮಲ್ಲಿ ಕ್ರಿಸ್ಮಸ್ ತಿಂಡಿಗಳು, ಅಂದರೆ ಕುಸ್ವಾರ್, ಮಾಡುತ್ತೀರಾ? ಮಾಡುತ್ತೇವೆ ಎಂದರು. ಅದರಲ್ಲಿ ಸುರುಳಿ ಸುತ್ತಿ ಮಾಡುವ ಕಿಡ್ಯೊ ಯಾರು ಸುತ್ತುತ್ತಾರೆ? "ನಾನು, ಅತ್ತೆ." ಮುಂದಿನ ಸಲ ಹುಡುಗನನ್ನು ಕೂರಿಸಿ ಎಂದೆ. ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಮುಂದಕ್ಕೆ ಉರುಳಿಸಬೇಕು. ಒತ್ತಡ ಹೆಚ್ಚಾದರೆ ಫೋರ್ಕಿಗೆ ಅಂಟುತ್ತದೆ, ಕಡಿಮೆಯಾದರೆ ಗೆರೆ ಮೂಡುವುದಿಲ್ಲ. ಪೆನ್ಸಿಲ್ ಹಿಡಿದ ಮಗು ಕಾಗದ ಹರಿಯುವುದೂ, ಗೆರೆ ಕಾಣದಷ್ಟು ಮೆಲ್ಲಗೆ ಎಳೆಯುವುದೂ ಇದೇ ಹದ ಸಿಗದೆ. ಅದರಲ್ಲೂ ನಮ್ಮ ಕನ್ನಡದ ಅಕ್ಷರಗಳಲ್ಲಿ ಸುತ್ತು ಜಾಸ್ತಿ, ಮಣಿಕಟ್ಟು ತಿರುಗದೆ ಬರೆಯಲಾಗದು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತವಾಗಿ ಹಿಡಿದು ಆಟದ ಮೂಲಕ ಕಲಿಕೆ ಎನ್ನುತ್ತದೆ. ಅಂದರೆ ಒಂದನೇ ಕ್ಲಾಸೂ ಅದೇ ಹಂತದೊಳಗೆ ಬರುತ್ತದೆ. ನಾಲ್ಕು ಗೆರೆ ಪುಸ್ತಕ ಓಡಿಹೋಗುವುದಿಲ್ಲ. ತಾಯಿಗೆ ಪೂರ್ತಿ ಸಮಾಧಾನವಾಗಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನ ಟೀಚರದ್ದು: "ಮೊಂತಿ ಫೆಸ್ತಿಗೆ ತೆನೆ ನಾವೇ ತರಗತಿಯಲ್ಲಿ ಬೆಳೆಸಬಹುದಾ?"

ಬೆಳೆಸಬಹುದು, ಆದರೆ ಹಬ್ಬಕ್ಕೆ ಸಿಗುತ್ತದೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಶಾಲೆ ತೆರೆಯುವುದೇ ಮೇ ಕೊನೆಗೋ ಜೂನಿಗೋ. ನಮ್ಮ ಕಡೆಯ ಸಾಮಾನ್ಯ ತಳಿಗಳಿಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಬೇಕು. ಸೆಪ್ಟೆಂಬರ್ 8ಕ್ಕೆ ನಿಮ್ಮ ಬಕೆಟ್ಟಿನಲ್ಲಿ ಹಸಿರು ಪೈರು ಮಾತ್ರ ಇರುತ್ತದೆ, ತೆನೆ ಬಲಿಯುವಾಗ ಅಕ್ಟೋಬರ್. ಹಾಗಾದರೆ ಚರ್ಚಿನಲ್ಲಿ ಕೊಟ್ಟ ತೆನೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ಆಗ ಬೇಗ ಬಿತ್ತಿದ ಯಾರದಾದರೂ ಗದ್ದೆಗೆ ಕರೆದುಕೊಂಡು ಹೋಗಿ. ಬಕೆಟ್ಟಿಗೆ ಮುಕ್ಕಾಲು ಮಣ್ಣು, ಮೇಲೆ ಎರಡು ಬೆರಳಷ್ಟು ನೀರು, ದಿನಕ್ಕೆ ಅರ್ಧದಷ್ಟಾದರೂ ಬಿಸಿಲು ಬೀಳುವ ಜಾಗ. ತಳಕ್ಕೆ ತೂತು ಬೇಡ. ಮಂಗಳೂರಿನ ಮಳೆಗಾಲದಲ್ಲಿ ನಿಂತ ನೀರೆಂದರೆ ಡೆಂಗಿ ಸೊಳ್ಳೆ. ವಾರಕ್ಕೊಮ್ಮೆ ನೀರು ಪೂರ್ತಿ ಬಸಿದು ಒಂದು ದಿನ ಹಾಗೇ ಬಿಡಿ, ಭತ್ತಕ್ಕೇನೂ ಆಗುವುದಿಲ್ಲ. ಕೆಲವರು ಗಪ್ಪಿ ಮೀನು ಬಿಡುತ್ತಾರೆ. ಬಿಡಬಹುದು, ಆದರೆ ಆಮೇಲೆ ಯಾರೂ ಭತ್ತದ ಕಡೆ ನೋಡುವುದಿಲ್ಲ, ಎಲ್ಲರಿಗೂ ಮೀನೇ ಬೇಕು.